ಸೊಣ್ಣಮ್ಮ ಸ್ವಿಚ್ಚು ಒತ್ತಲಿಲ್ಲ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಶೆಡ್ಡಿನಲ್ಲಿ ಸೊಣ್ಣಮ್ಮನಷ್ಟು ಬಾಯಿ ಜೋರಿನವಳು ಇನ್ನೊಬ್ಬಳಿಲ್ಲ. ಎಂಟು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ ಅವಳ ಮಾತು ರಸ್ತೆಗೆ ಕೇಳಿಸುತ್ತದೆ. ಹತ್ತಿರದ ಮಧುರೆ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು, ಹದಿನೆಂಟು ವರ್ಷದಿಂದ ಮೂರನೇ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಬೇರೆ ಯಾರಾದರೂ ಅದನ್ನು ಮುಟ್ಟಿದರೆ ಅವತ್ತು ಜಗಳ ಗ್ಯಾರಂಟಿ. ಪಕ್ಕದ ಮಗ್ಗ ನನ್ನದು, ಅನುಭವದಿಂದ ಹೇಳುತ್ತಿದ್ದೇನೆ.

ಹೋದ ಆಯುಧಪೂಜೆಗೆ ಮೋಟಾರಿನ ಬೆಲ್ಟಿನ ಮೇಲಿದ್ದ ತಗಡಿನ ಮುಚ್ಚಳಗಳನ್ನು ಬಿಚ್ಚಿ ತೊಳೆದು, ಮಗ್ಗಗಳಿಗೆ ಮಾರುಗಟ್ಟಲೆ ಸೇವಂತಿ ಹಾರ ಕಟ್ಟಿದೆವು. ಪೂಜೆಯ ಹಾರ ಒಣಗುವ ತನಕ ಕೀಳಬಾರದು ಎನ್ನುವುದು ನಮ್ಮ ಶೆಡ್ಡಿನ ಕಟ್ಟಳೆ. ಹಾರವಿದ್ದರೆ ಮುಚ್ಚಳ ಕೂರುವುದಿಲ್ಲ. ಸರಿ, ಮುಚ್ಚಳ ಗೋಡೆಗೊರಗಿತು, ಮಗ್ಗ ಓಡಿತು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಮೂರನೆಯ ದಿನ ಸೊಣ್ಣಮ್ಮನ ಮಗ್ಗದ ಹಾರ ಜಾರಿ ಬೆಲ್ಟಿಗೆ ಸಿಕ್ಕಿತು. ದೇವರ ಹೂವೆಂದು ಅವಳು ಕೈ ಹಾಕಿದಳು. ಬಲಗೈಯ ತೋರುಬೆರಳು ಅರ್ಧಕ್ಕೇ ಹೋಯಿತು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದಾಗ ಮಾಲೀಕ ವೆಂಕಟರಾಮಪ್ಪನವರು, "ಗಂಟು ಹಾಕೋಕೆ ಬೆರಳೇ ಇಲ್ವಲ್ಲಮ್ಮ. ನೂಲು ಸುತ್ತೋ ಕಡೆ ಕೂತ್ಕೊ" ಎಂದರು. ಹರಿದ ಎಳೆಗೆ ಗಂಟು ಹಾಕಲು ಬಾರದಿದ್ದರೆ ಮಗ್ಗ ಕೈಬಿಟ್ಟಂತೆಯೇ.

"ಎರಡ್ ತಿಂಗ್ಳು ಮನೇಲಿ ಸುಮ್ನೆ ಕೂತಿದ್ದೆ ಅಂದ್ಕಂಡ್ರಾ ಅಣ್ಣಾ?" ಎಂದವಳೇ ತನ್ನ ಮಗ್ಗದಲ್ಲಿ ಒಂದು ಎಳೆ ಹರಿದು, ಹೆಬ್ಬೆರಳು ನಡುಬೆರಳಿನಲ್ಲಿ ಗಂಟು ಹಾಕಿದಳು. ಜಾರಿತು. ಎರಡನೆಯದೂ ಜಾರಿತು. ಮೂರನೆಯದು ನಿಂತಿತು, ನಾವೆಲ್ಲ ಕೇಕೆ ಹಾಕಿದೆವು.

"ಸರಿ ಕಣಮ್ಮ, ಓಡ್ಸು" ಎಂದರು ವೆಂಕಟರಾಮಪ್ಪನವರು.

ಅವಳು ಸ್ವಿಚ್ಚು ಒತ್ತಲಿಲ್ಲ. "ಮುಚ್ಚಳ ಎಲ್ಲಣ್ಣಾ?"

ಅಪಘಾತದ ಮಾರನೆಯ ದಿನವೇ ಉಳಿದ ಏಳಕ್ಕೂ ಮುಚ್ಚಳ ಹಾಕಿಸಿದ್ದರು. ನಿಂತ ಮಗ್ಗಕ್ಕೇಕೆ ಎಂದು ಇದನ್ನು ಬಿಟ್ಟಿದ್ದರು. ಇದರ ಮುಚ್ಚಳ ಈಗ ಹಿತ್ತಲಲ್ಲಿ ನೀರಿನ ಡ್ರಮ್ಮು ಮುಚ್ಚುತ್ತಿತ್ತು.

"ನಾಳೆ ಹಾಕ್ಸಣ. ಇವತ್ತೊಂದಿನ ಹುಷಾರಾಗಿ ಓಡ್ಸ್ಬಿಡು."

ಸೊಣ್ಣಮ್ಮ ಕೈಕಟ್ಟಿ ಸ್ಟೂಲಿನ ಮೇಲೆ ಕುಳಿತಳು. ನಾನು ನನ್ನ ಮಗ್ಗ ನಿಲ್ಲಿಸಿದೆ. ಆಮೇಲೆ ಒಂದೊಂದಾಗಿ ಎಲ್ಲವೂ ನಿಂತವು. ಕೆಲಸದ ಹೊತ್ತಿನಲ್ಲಿ ಶೆಡ್ಡು ಅಷ್ಟು ತೆಪ್ಪಗಿದ್ದುದನ್ನು ನಾನು ಕಂಡಿರಲಿಲ್ಲ.

ವೆಂಕಟರಾಮಪ್ಪನವರು ಗೊಣಗುತ್ತಲೇ ಮುಚ್ಚಳ ತಂದು, ಸ್ಪ್ಯಾನರ್ ಹಿಡಿದು, ತಾವೇ ಬೆಲ್ಟಿನ ಸಂದಿಗೆ ಕೈ ಹಾಕಿದರು. ಸೊಣ್ಣಮ್ಮ ದಡಕ್ಕನೆದ್ದು ಓಡಿಹೋಗಿ ಶೆಡ್ಡಿನ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು.

"ಈಗ ಹಾಕಣ್ಣಾ," ಎಂದಳು, "ಬೆರಳು ಹುಷಾರು."