ನಿದಾನ, ನಿಧಾನ

ನಮ್ಮ ಹೊಸಪೇಟೆಯಲ್ಲಿ ಬಂದವರನ್ನು ಬೀಳ್ಕೊಡುವಾಗ ಬಾಗಿಲಲ್ಲಿ ನಿಂತು "ನಿಧಾನ ಹೋಗ್ರಿ" ಎನ್ನದ ಮನೆಯಿಲ್ಲ. ಹೊರಟವರು ರೈಲಿಗೆ ಓಡಬೇಕಾದವರಿರಲಿ, ಪಕ್ಕದ ಮನೆಯವರೇ ಇರಲಿ, ಈ ಉಪಚಾರ ತಪ್ಪದು. ಅದನ್ನು ಅಕ್ಷರಶಃ ಪಾಲಿಸಿದವರನ್ನು ಮಾತ್ರ ನಾನು ಕಂಡಿಲ್ಲ. ಹೈಸ್ಕೂಲಿನ ಕನ್ನಡ ಪಂಡಿತನಾದ ನನಗೆ, ಈ ಮಾತು ಕಿವಿಗೆ ಬಿದ್ದೊಡನೆ ಮಹಾಪ್ರಾಣ ಸರಿಯಾಗಿ ಬಂತೇ ಎಂದು ಪರೀಕ್ಷಿಸುವ ದುರಭ್ಯಾಸ. ಹುಡುಗರು ದಕಾರದ ಹೊಟ್ಟೆ ಸೀಳುವುದನ್ನು ಮರೆತು 'ನಿದಾನ' ಎಂದು ಬರೆದರೆ ಕೆಂಪು ಶಾಯಿ ಸುರಿಯುತ್ತೇನೆ. ನಿದಾನವೆಂದರೆ ರೋಗದ ಮೂಲವನ್ನು ಕಂಡುಹಿಡಿಯುವುದು, ನಿಧಾನವೆಂದರೆ ಸಾವಕಾಶ. ಸಂಸ್ಕೃತದಲ್ಲಿ ಇದೇ ನಿಧಾನಕ್ಕೆ ಕೂಡಿಟ್ಟ ನಿಧಿ, ಉಗ್ರಾಣ ಎಂಬ ಅರ್ಥವೂ ಉಂಟು. ಇಷ್ಟು ಹೇಳಿ ಮೀಸೆ ತಿರುವುವಷ್ಟರಲ್ಲಿ ಪಂಪಕ್ಕ ನೆನಪಾಗುತ್ತಾಳೆ, ಕೈ ಕೆಳಗಿಳಿಯುತ್ತದೆ.

ಪಂಪಕ್ಕ ನನ್ನ ಹಿರಿಯಕ್ಕ, ಕಂಪ್ಲಿಗೆ ಕೊಟ್ಟಿದ್ದೆವು. ಹುಡುಗಿಯಾಗಿದ್ದಾಗ ಹಂಪಿ ಬಜಾರಿನ ಕಲ್ಲುಮಂಟಪಗಳ ನಡುವೆ ನನ್ನನ್ನು ಓಟದಲ್ಲಿ ಸೋಲಿಸುತ್ತಿದ್ದವಳು, ಎರಡನೆಯ ಹೆರಿಗೆಯಾದ ಮೇಲೆ ಮೆಲ್ಲಮೆಲ್ಲಗೆ ನಿಂತುಹೋಗತೊಡಗಿದಳು. ಮುಖ ಊದಿತು, ದನಿ ಗೊಗ್ಗರಾಯಿತು. ನಮ್ಮೂರಿನ ವೈಶಾಖದಲ್ಲೂ ಕಂಬಳಿ ಹೊದ್ದು ನಡುಗುವಳು. ಅವಳ ಉತ್ತರ ಬರುವಷ್ಟರಲ್ಲಿ ಪ್ರಶ್ನೆ ಕೇಳಿದವರ ಊಟ ಮುಗಿದಿರುತ್ತದೆ ಎಂದು ನಾನೇ ಹೇಳಿ ಮನೆಯವರನ್ನು ನಗಿಸುತ್ತಿದ್ದೆ. ಈಗ ಬರೆಯುವಾಗ ನಗು ಬರುತ್ತಿಲ್ಲ. ಅವಳ ಅತ್ತೆ ಮೈಗಳ್ಳಿಯೆಂದು ತೀರ್ಮಾನಿಸಿ, ಮಕ್ಕಳಿಬ್ಬರನ್ನೂ ಉಳಿಸಿಕೊಂಡು, "ಚುರುಕಾದ ಮ್ಯಾಲ ಬರ್ಲಿ" ಎಂದು ತವರಿಗೆ ಕಳಿಸಿಬಿಟ್ಟರು.

ಸಂಡೂರಿಗೆ ಬಂದಿದ್ದ ಡಾಕ್ಟರೊಬ್ಬರು, ಅಪ್ಪನಿಗೆ ಪರಿಚಿತರು, ಮದರಾಸಿಗೆ ಮರಳುವ ಮುನ್ನ ನಮ್ಮ ಮನೆಗೆ ಬಂದು ಅಕ್ಕನ ಕೊರಳು ಮುಟ್ಟಿ ನೋಡಿದರು. ಆಮೇಲೆ ಹಿತ್ತಲಿನಲ್ಲಿ ನೆಲದೊಳಗೆ ಜೋಳ ತುಂಬಿಡುವ ನಮ್ಮ ಹಗೇವಿನತ್ತ ಕೈ ತೋರಿಸಿ, "ಇವರ ಕೊರಳಾಗೂ ಇಂಥದೊಂದು ಐತ್ರಿ" ಎಂದರು. ಕತ್ತಿನ ಮುಂಭಾಗದ ಥೈರಾಯ್ಡ್ ಎಂಬ ಗ್ರಂಥಿ, ಅನ್ನನೀರಿನೊಡನೆ ಬರುವ ಚೂರುಪಾರು ಅಯೋಡಿನನ್ನು ರಕ್ತದಿಂದ ಹೆಕ್ಕಿ, ಅಂಟಿನಂಥ ದ್ರವದಲ್ಲಿ ಕೂಡಿಸಿ ಚೈತನ್ಯರಸ ಮಾಡುತ್ತದಂತೆ. ಕಣ್ಣಿಗೆ ಕಾಣದ ಸಣ್ಣ ಚೀಲಗಳಲ್ಲಿ ಅದನ್ನು ತಿಂಗಳುಗಟ್ಟಲೆ ಸಾಲುವಷ್ಟು ತುಂಬಿಟ್ಟುಕೊಂಡು, ಮಿದುಳಿನ ಬುಡದಲ್ಲಿರುವ ಇನ್ನೊಂದು ಗ್ರಂಥಿಯ ಅಪ್ಪಣೆಯಾದಾಗ ಅಂಟಿನಿಂದ ರಸವನ್ನು ಬಿಡಿಸಿ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಬಿಡುತ್ತದಂತೆ. ಮೈಯ ಬಿಸಿ, ಬುದ್ಧಿಯ ಚುರುಕು ಎಲ್ಲವೂ ಅದರಿಂದಲೇ. ಅಕ್ಕನ ಹಗೇವು ಬರಿದಾಗಿತ್ತು. ನಿಧಾನ ಬರಿದಾದ್ದರಿಂದಲೇ ನಿಧಾನ! ಶ್ಲೇಷೆ ಹೊಳೆದು ನಾನು ಒಳಗೊಳಗೇ ಬೀಗಿದೆ. ಪಂಡಿತರಿಗೆ ಹೊತ್ತುಗೊತ್ತು ಇರುವುದಿಲ್ಲ, ನೀವು ಬಲ್ಲಿರಿ.

"ಕುರಿದು ಇದೇ ಗ್ರಂಥಿ ಒಣಗಿಸಿ ಮಾಡಿದ ಗುಳಿಗಿ ಬರ್ತಾವ. ದಿನಾ ತಗೊಂಡ್ರ ಮೊದಲಿನಂಗ ಆಗ್ತಾರ" ಎಂದ ಡಾಕ್ಟರು, ಅಕ್ಕನ ಕಡೆಗೇ ತಿರುಗಿ, "ನುಂಗ್ತೀರೇನವ್ವ?" ಎಂದು ಕೇಳಿದರು.

ಉತ್ತರ ಅಪ್ಪನಿಂದ ಬಂತು. "ಲಿಂಗ ಕಟ್ಟಿದ ಕೊರಳ್ರಿ ಇದು. ಕುರಿ ಕೊರಳು ಇದರಾಗ ಇಳಿಯೂದು ಬ್ಯಾಡ."

ಅವ್ವ ತಲೆಯಾಡಿಸಿದಳು. ಅಕ್ಕನ ತುಟಿ ಅಲುಗಿದ್ದನ್ನು ಎಲ್ಲರೂ ಒಪ್ಪಿಗೆಯೆಂದೇ ತಿಳಿದೆವು. ರೈಲಿಗೆ ಹೊತ್ತಾಗಿತ್ತು. ಡಾಕ್ಟರು ಜಟಕಾ ಹತ್ತಿದರು; ನಾವೆಲ್ಲ ಬಾಗಿಲಿಗೆ ಬಂದು ಒಕ್ಕೊರಲಿನಿಂದ "ನಿಧಾನ ಹೋಗ್ರಿ" ಎಂದೆವು. ಜಟಕಾ ಜಲ್ದಿಯೇ ಹೋಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ, ಪಡಸಾಲೆಯಿಂದ ಆ ಗೊಗ್ಗರು ದನಿ ಕೇಳಿಸಿತು.

"ನುಂಗ್ತೀನ್ರಿ... ಮಕ್ಕಳ ಕಡೆ ಹೋಗಬೇಕು."

ಅಪ್ಪ "ಮಾತು ಆಗಿಹೋತಲ್ಲ" ಎಂದು ಒಳಗೆ ನಡೆದರು. ಮದರಾಸಿಗೆ ಒಂದು ಕಾರ್ಡು ಬರೆದಿದ್ದರೂ ಸಾಕಿತ್ತು. ಮನೆಯಲ್ಲಿ ಯಾರೂ ಬರೆಯಲಿಲ್ಲ. ಅಕ್ಕ ಇನ್ನೊಮ್ಮೆ ಕೇಳಲೂ ಇಲ್ಲ. ಮರುವರ್ಷದ ಚಳಿಗಾಲದಲ್ಲಿ ಕಂಬಳಿಯೊಳಗೆ ಮಲಗಿದವಳು ಏಳಲಿಲ್ಲ. ಕಂಪ್ಲಿಯಿಂದ ಕರೆತಂದ ಮಕ್ಕಳು ಆ ಊದಿದ ಮುಖವನ್ನು ನೋಡಿ ಗುರುತು ಹತ್ತದೆ ನಮ್ಮ ಮುಖ ನೋಡಿದವು.

ಬಂದವರು ಹೊರಟರೆ ನಾನೂ ರೂಢಿಯಂತೆ "ನಿಧಾನ ಹೋಗ್ರಿ" ಎನ್ನುತ್ತೇನೆ. ಮಹಾಪ್ರಾಣದ ಗೊಡವೆಗೆ ಹೋಗುವುದಿಲ್ಲ. ಅವರು ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿರುತ್ತೇನೆ. ಕಿವಿ ಮಾತ್ರ ಹಿಂದೆ, ಮನೆಯೊಳಗೆ ಇರುತ್ತದೆ.