‘ಏನೂ ಇರಲಿಲ್ಲ’ ಎಂದವರ ಮಾತು

ವಾಹನವನ್ನು ಹೊರಗೇ ಬಿಟ್ಟು, ಹೊಗೆಯಿಲ್ಲದೆ, ಕಾಲ್ನಡಿಗೆಯಲ್ಲಿ ಕಾಡು ನೋಡುವ ಪ್ರವಾಸ ಇಂದು ಎಲ್ಲರ ಬಾಯಲ್ಲಿದೆ. ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರುವುದು ತಪ್ಪಿತೆಂದು ಹೇಳುವವರು ಬೇಕಾದಷ್ಟಿದ್ದಾರೆ. ನಡೆದುಬಂದವರ ಮನಸ್ಸಿಗೆ ಏನು ದಕ್ಕಿತೆಂದು ಅಳೆಯುವ ವಿದ್ಯೆಗೆ ನಮ್ಮಲ್ಲಿ ತಳಪಾಯ ಹಾಕಿದವರು, ಮೂವತ್ತೊಂದು ವರ್ಷಗಳ ಅಧ್ಯಾಪನದ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯವರು. ವಿದ್ಯಾರ್ಥಿಗಳು ಏನೇ ಹೇಳಿದರೂ ಕನ್ನಡಕದ ಮೇಲಿಂದ ನೋಡಿ “ಹಾಗಂದ್ರೆ?” ಎನ್ನುತ್ತಿದ್ದುದರಿಂದ ನಮ್ಮ ಪಾಲಿಗೆ ಅವರು ‘ಹಾಗಂದ್ರೆ ಮೇಡಂ’.

ನಾನು ಸಂಶೋಧನೆಗೆ ಸೇರಿದಾಗ ಅವರ ಕೊಠಡಿಯ ಕುರ್ಚಿಗಳ ಮೇಲೆಲ್ಲ ಪ್ರಶ್ನಾವಳಿಗಳ ಕಟ್ಟುಗಳೇ ಕೂತಿದ್ದವು. ಮನುಷ್ಯರು ನಿಂತೇ ಮಾತಾಡಬೇಕು. ನನ್ನ ತಂಗಿ ಆಸ್ಪತ್ರೆಯಲ್ಲಿದ್ದ ಹದಿನೈದು ದಿನ ನನ್ನ ಪಾಲಿನ ತರಗತಿಗಳನ್ನೂ ತಾವೇ ತೆಗೆದುಕೊಂಡು, “ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು” ಎಂದವರು ಅವರು. ಆ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ.

ಮೂರನೆಯ ವರ್ಷ, ಏಳು ಕಿಲೋಮೀಟರಿನ ಕಾಡುದಾರಿಯೊಂದರ ಬಗ್ಗೆ ಪ್ರವಾಸಿಗರ ಅಭಿಪ್ರಾಯ ಕೇಳಿ ವರದಿ ಕೊಡಬೇಕೆಂದು ಅಲ್ಲಿನ ಆಡಳಿತ ಸಮಿತಿ ನಮ್ಮನ್ನು ಕೇಳಿತು. ‘ದಾರಿಯಲ್ಲಿ ಏನಿತ್ತು?’ ಎಂಬ ನಮ್ಮ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಜನ ‘ಏನೂ ಇರಲಿಲ್ಲ’ ಎಂದು ಬರೆದಿದ್ದರು. ಉತ್ತರಗಳನ್ನು ವಿಂಗಡಿಸುವಾಗ ಅವೆಲ್ಲವನ್ನೂ ‘ನಿರಾಶೆ’ ಎಂಬ ಕಟ್ಟಿಗೆ ಸೇರಿಸಲಾಯಿತು. ವರದಿ ಓದಿದ ಸಮಿತಿಯವರು ಕಾಲುದಾರಿ ಮುಚ್ಚಿ ಜೀಪು ರಸ್ತೆ ಮಾಡಲು ಹೊರಟರು. ಆ ದಾರಿಯನ್ನೇ ನಂಬಿ ಬದುಕುತ್ತಿದ್ದ ಆರು ಮಾರ್ಗದರ್ಶಕರ ಹೊಟ್ಟೆಯ ಮೇಲೆ ಹೊಡೆದಂತಾಯಿತು.

ಅವರಲ್ಲಿ ಹಿರಿಯಳಾದ ಹೆಂಗಸು ನೇರವಾಗಿ ಮೇಡಂ ಕೊಠಡಿಗೇ ಬಂದಳು. “ನಗ್ತಾ ನಗ್ತಾ ಹೋಗ್ತಾರಲ್ಲಮ್ಮ ಜನ! ನಿಮ್ಮ ಕಾಗದದಲ್ಲಿ ಮಾತ್ರ ಅಳ್ತಾರಾ?”

ಮರುದಿನವೇ ಮೇಡಂ ನನ್ನನ್ನು ಕರೆದುಕೊಂಡು ಹೋಗಿ ಕಾಡುದಾರಿ ಮುಗಿಯುವಲ್ಲಿನ ಬೆಂಚಿನ ಮೇಲೆ ಕೂತರು. ಬೂಟಿನ ಮಣ್ಣು ಕೊಡವುತ್ತಿದ್ದ ಮುದುಕರೊಬ್ಬರು ಅದೇ ಉತ್ತರ ಕೊಟ್ಟರು. ಮೇಡಂ ಕೇಳಿದರು: “ಹಾಗಂದ್ರೆ?”

“ಏನೂ ಇರಲಿಲ್ಲ ತಾಯಿ! ಹಾರ್ನ್ ಇಲ್ಲ, ಅಂಗಡಿ ಇಲ್ಲ, ಅದು ನೋಡಿ ಇದು ನೋಡಿ ಅನ್ನೋರಿಲ್ಲ. ಹೀಗೆ ನೆಮ್ಮದಿಯಾಗಿ ಉಸಿರಾಡಿ ಎಷ್ಟು ವರ್ಷ ಆಗಿತ್ತೋ!”

ಜನ ಬಾಯ್ತುಂಬ ಹೊಗಳಿದ್ದನ್ನು ನಾವು ದೂರು ಎಂದು ಬರೆದುಬಿಟ್ಟಿದ್ದೆವು. ಮೇಡಂ ಬೈಯಲಿಲ್ಲ. ಮೂರು ವಾರ ಆ ಬೆಂಚನ್ನೇ ಕಚೇರಿ ಮಾಡಿಕೊಂಡು, ಹಳೆಯ ಪ್ರವಾಸಿಗರಿಗೂ ಫೋನ್ ಮಾಡಿ ಮಾಡಿ ಕೇಳಿ, ಹೊಸ ವರದಿ ಬರೆದರು.

ಅದನ್ನು ಒಪ್ಪಿಸಿದ ಸಭೆಯಲ್ಲಿ ಸಮಿತಿಯ ಅಧ್ಯಕ್ಷರು ಕೆಂಡಾಮಂಡಲವಾಗಿದ್ದರು. “ಯಾರ್ರೀ ಮೊದಲಿನ ಉತ್ತರಗಳನ್ನ ವಿಂಗಡಿಸಿದ್ದು?” ನಾನು ಏಳಹೊರಟೆ. ಮೇಡಂ ನನ್ನ ತೋಳು ಒತ್ತಿ ಕೂರಿಸಿದರು. “ನಾನೇ. ತಪ್ಪು ನನ್ನದು.”

ಕಾಲುದಾರಿ ಉಳಿಯಿತು, ಆರು ಮನೆಗಳ ಒಲೆಯೂ ಉಳಿಯಿತು. ಆದರೆ ಆ ವರ್ಷ ಮೇಡಂಗೆ ನ್ಯಾಯವಾಗಿ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಸ್ಥಾನ, ‘ಕೆಲಸದಲ್ಲಿ ಎಚ್ಚರ ಸಾಲದು’ ಎಂಬ ಒಂದೇ ಸಾಲಿನ ಟಿಪ್ಪಣಿಯೊಂದಿಗೆ ಬೇರೆಯವರಿಗೆ ಹೋಯಿತು; ಮತ್ತೆಂದೂ ಬರಲಿಲ್ಲ. ನಾನು ಹೋಗಿ ಅತ್ತಾಗ ಗದರಿದರು: “ಸುಮ್ನಿರೋ. ನಿನ್ನ ಹೆಸರು ಕೆಟ್ರೆ ನಿನಗೆ ಯಾರು ಕೆಲಸ ಕೊಡ್ತಾರೆ? ನಾನು ಇಲ್ಲಿರೋವರೆಗೂ ಈ ಮಾತು ಎತ್ತಬೇಡ.” ನನಗೆ ಪದವಿ ಸಿಕ್ಕಿತು, ಕೆಲಸ ಸಿಕ್ಕಿತು, ಹತ್ತೊಂಬತ್ತು ವರ್ಷ ನಾನು ಬಾಯಿ ಬಿಡಲಿಲ್ಲ. ಅದರಲ್ಲಿ ವಿಧೇಯತೆ ಎಷ್ಟು, ಹೇಡಿತನ ಎಷ್ಟು ಎಂದು ನನಗೇ ಗೊತ್ತಿಲ್ಲ.

ಮೇಡಂ, ನೀವು ನೂರು ವರ್ಷ ಬಾಳಬೇಕು. ಇನ್ನೂ ಎಷ್ಟೋ ಕಾಡುದಾರಿಗಳ ಕೊನೆಯಲ್ಲಿ ಕೂತು ಜನರ ಮಾತು ಕೇಳಬೇಕು. ಈ ಲೇಖನ ಓದಿ ನನಗೆ ಚೆನ್ನಾಗಿ ಬೈಯಲೂ ಬೇಕು. ನೀವಿನ್ನು ಇಲ್ಲಿ ಇರುವುದಿಲ್ಲವಾದ್ದರಿಂದ, ನಿಮ್ಮನ್ನು ಬಲ್ಲ ಎಲ್ಲರೂ ಓದುವ ಈ ಪುಟದಲ್ಲಿ ಬರೆಯುತ್ತಿದ್ದೇನೆ: ಆ ಉತ್ತರಗಳನ್ನು ವಿಂಗಡಿಸಿದವನು ನಾನು.