ಕ್ರಾಸಿನಲ್ಲಿ ನಿಲ್ಲದ ಬೆಳಗಿನ ಬಸ್ಸು

ಹೆಂಗಸರಿಗೆ ಉಚಿತ ಪ್ರಯಾಣ ಬಂದ ಮರುವರ್ಷ, 2024ರಲ್ಲಿ, ನಾನು ಶಿಕಾರಿಪುರ–ಸೊರಬ ಭಾಗದ ಬಸ್ಸುಗಳಿಗೆ ಟ್ರಾಫಿಕ್ ಸೂಪರ್‌ವೈಸರ್ ಆಗಿದ್ದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ರೂಟಿಗೆ ಯಾವ ಡ್ರೈವರ್ ಹೋಗಬೇಕು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು.

ಜುಲೈನ ಒಂದು ಮಧ್ಯಾಹ್ನ ಶಾಲೆಯ ಯೂನಿಫಾರ್ಮಿನಲ್ಲಿದ್ದ ಹುಡುಗಿಯೊಬ್ಬಳು ಒಬ್ಬಳೇ ಶಿಕಾರಿಪುರ ನಿಲ್ದಾಣದ ನನ್ನ ಕೋಣೆಗೆ ಬಂದಳು. ಹೆಸರು ರೇಖಾ, ಒಂಬತ್ತನೇ ತರಗತಿ. ಅಂಬ್ಲಿಗೊಳದ ಕಡೆಯ ಒಂದು ಕ್ರಾಸಿನಿಂದ ಶಿಕಾರಿಪುರದ ಹೈಸ್ಕೂಲಿಗೆ ಬರುತ್ತಿದ್ದವಳು.

"ಸರ್, ಬೆಳಗ್ಗೆ ಎಂಟೂವರೆ ಬಸ್ಸು ನಮ್ಮ ಕ್ರಾಸಲ್ಲಿ ನಿಲ್ಸಲ್ಲ ರೀ. ಆರು ಜನ ಹುಡ್ಗೇರು ಇದೀವಿ. ವಾರದಾಗೆ ಮೂರು ದಿನ ಮನೆಗೆ ವಾಪಸ್ ಹೋಗ್ತೀವಿ."

ಬಸ್ಸು ತುಂಬಿ ಬರುತ್ತದೆ, ಡ್ರೈವರ್ ತಾನೇ ಏನು ಮಾಡಿಯಾನು ಎಂದೆ.

"ನಮ್ಮಪ್ಪ ಈ ತಿಂಗ್ಳು ನೋಡ್ತಾರಂತೆ. ಆಮ್ಯಾಲೆ ಶಾಲೆ ಬ್ಯಾಡ ಅಂದಾರೆ."

ದೂರು ಪುಸ್ತಕದಲ್ಲಿ ಬರೆಸಿಕೊಂಡೆ. ಕೆಳಗೆ 'ಪರಿಶೀಲಿಸಲಾಗುವುದು' ಎಂದು ಬರೆದು ಸಹಿ ಹಾಕಿದೆ. ಅವಳು ಆ ಪದವನ್ನು ಓದಿ, ಥ್ಯಾಂಕ್ಸ್ ಹೇಳಿ ಹೋದಳು.

ಆಗಸ್ಟ್ ಕಳೆಯಿತು. ಡ್ರೈವರುಗಳ ಕೊರತೆ, ಹಬ್ಬಕ್ಕೆ ಹೆಚ್ಚುವರಿ ಬಸ್ಸು ಎಂದು ಪುರುಸೊತ್ತಿರಲಿಲ್ಲ. ಆದರೂ ಎಂಟೂವರೆಯಾದರೆ ಸಾಕು, ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ಯಾರಿಗೂ ಹೇಳದೆ ಆ ಬಸ್ಸು ಹೊರಡುವ ಊರಿಗೇ ಹೋಗಿ ಹಿಂದಿನ ಬಾಗಿಲಿನಿಂದ ಹತ್ತಿದೆ. ಕ್ರಾಸ್ ಬಂತು. ವೇಗ ತಗ್ಗಲಿಲ್ಲ. ನಾಲ್ಕು ಹುಡುಗಿಯರು ಕೈ ಎತ್ತಿಕೊಂಡು ಬಸ್ಸಿನ ಹಿಂದೆ ಓಡಿದರು. ನಿಲ್ಲಿಸು ಎಂದು ಕೂಗಿದೆ.

ಡ್ರೈವರ್ ಬಸವರಾಜ ಬ್ರೇಕ್ ಹಾಕಿ, ತಿರುಗಿ ನೋಡಿ ನನ್ನನ್ನು ಗುರುತಿಸಿದ. "ನೀವೇ ನೋಡ್ರಿ ಸರ್, ಕಾಲಿಡಾಕೆ ಜಾಗ ಇಲ್ಲ. ಫುಟ್‌ಬೋರ್ಡಿಂದ ಒಂದು ಮಗು ಬಿದ್ರೆ ಯಾರು ಉತ್ತರ ಕೊಡ್ತಾರೆ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಏದುಸಿರು ಬಿಡುತ್ತ ಹತ್ತಿದ ಹುಡುಗಿಯರಲ್ಲಿ ರೇಖಾ ಇರಲಿಲ್ಲ. ಕೇಳಿದರೆ, "ಅವ್ಳು ಶಾಲೆ ಬಿಟ್ಳು ಸರ್" ಎಂದರು.

ಸೊರಬದಿಂದ ಏಳು ನಲವತ್ತಕ್ಕೆ ಬಂದ ಬಸ್ಸೊಂದು ಒಂಬತ್ತೂಕಾಲಿನವರೆಗೆ ನಿಲ್ದಾಣದಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಅದನ್ನು ಕ್ರಾಸಿನವರೆಗೆ ಓಡಿಸಿ ಹುಡುಗಿಯರನ್ನು ಕರೆತರಬಹುದಿತ್ತು. ಸಿಬ್ಬಂದಿಯ ವಿಶ್ರಾಂತಿ ಕಡಿಮೆಯಾಗುತ್ತದೆ ಎಂಬ ತಕರಾರು ಬಂತು. ಮೇಲಿನವರು ಪ್ರಸ್ತಾವನೆ ಕಳಿಸಿ ಕಾಯಿರಿ ಎಂದರು. ನಾನು ಕಾಯಲಿಲ್ಲ. 'ಪ್ರಾಯೋಗಿಕ ಟ್ರಿಪ್' ಎಂದು ನನ್ನ ಸಹಿಯಲ್ಲೇ ಆದೇಶ ಮಾಡಿದೆ. ಆ ಡ್ಯೂಟಿಯನ್ನು ಕೇಳಿ ಪಡೆದವನು ಬಸವರಾಜ.

ರೇಖಾಳ ತಂದೆಯನ್ನು ಕಂಡೆ. "ಓದು ಬ್ಯಾಡ ಅಂತ ಬಿಡಿಸ್ಲಿಲ್ಲ ರೀ. ಬೆಳೆದ ಹುಡ್ಗಿ ದಿನಾ ರಸ್ತೆ ಮ್ಯಾಲೆ ನಿಂತು ವಾಪಸ್ ಬಂದ್ರೆ ಮನಸ್ಸಿಗೆ ಸಮಾಧಾನ ಇರಲ್ಲ" ಎಂದರು. ಮಗಳನ್ನು ಸೊರಬ ತಾಲ್ಲೂಕಿನ ತಮ್ಮ ತಂಗಿಯ ಮನೆಗೆ, ಕೂಸು ನೋಡಿಕೊಳ್ಳಲು ಕಳಿಸಿದ್ದರು.

ಭಾನುವಾರ ಅಲ್ಲಿಗೂ ಹೋದೆ. ಅವಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದಳು. ನಿಲ್ದಾಣದಲ್ಲಿ ಖಾಲಿ ನಿಲ್ಲುತ್ತಿದ್ದ ಬಸ್ಸನ್ನು ಈಗ ನಿಮ್ಮ ಕ್ರಾಸಿಗೆ ಬಿಟ್ಟಿದ್ದೇವೆ, ಮತ್ತೆ ಶಾಲೆಗೆ ಬಾ ಎಂದೆ.

ಅವಳು ಕೂಸನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿಕೊಂಡಳು. "ಆ ಬಸ್ಸು ಜುಲೈನಾಗೂ ಖಾಲಿನೇ ನಿಂತಿತ್ತಾ ಸರ್?"

ಹೌದು ಎಂದೆ. ಅವಳು ಕೂಸಿನೊಂದಿಗೆ ಒಳಗೆ ಹೋದಳು.

ಕೂಸು ನೋಡಿಕೊಳ್ಳುವವರಿಲ್ಲವೆಂದು ಅತ್ತೆ ಆ ವರ್ಷ ಅವಳನ್ನು ಕಳಿಸಲಿಲ್ಲ. 2025ರ ಜೂನಿನಲ್ಲಿ, ನನ್ನ ಕೊನೆಯ ತಿಂಗಳಲ್ಲಿ, ರೇಖಾ ಆ ಬಸ್ಸಿನಿಂದ ಇಳಿಯುವುದನ್ನು ಕಂಡೆ. ಗೆಳತಿಯರು ಹತ್ತನೇ ತರಗತಿಗೆ ನಡೆದರು, ಅವಳು ಮತ್ತೆ ಒಂಬತ್ತಕ್ಕೆ. ನನ್ನನ್ನು ನೋಡಿ ತಲೆಯಾಡಿಸಿದಳು, ನಗಲಿಲ್ಲ.

ಮೂವತ್ತನಾಲ್ಕು ವರ್ಷ ನಾನು ವಿಳಂಬವನ್ನು ನಿಮಿಷಗಳಲ್ಲಿ ಬರೆದವನು. ನನ್ನ ಮೇಜಿನ ಮೇಲೆ ಎರಡು ತಿಂಗಳು ತಡವಾದದ್ದು ಒಂದು ಮಗುವಿಗೆ ಇಡೀ ವರ್ಷವಾಗುತ್ತದೆ ಎಂದು ಕಲಿತದ್ದು ಕೊನೆಯಲ್ಲಿ. ಆ ಟ್ರಿಪ್ಪಿಗೆ ಕಾಯಂ ಆದೇಶ ಇನ್ನೂ ಬಂದಿಲ್ಲ. ಈಗಲೂ ಶಾಲೆ ಇರುವ ದಿನ ಎಂಟು ಗಂಟೆಗೆ ನಿಲ್ದಾಣಕ್ಕೆ ಫೋನ್ ಮಾಡಿ ಆ ಬಸ್ಸು ಹೊರಟಿತೇ ಎಂದು ಕೇಳುತ್ತೇನೆ. "ಬಿಟ್ಟೈತೆ ಸರ್" ಎಂದ ಮೇಲೆಯೇ ನನಗೆ ತಿಂಡಿ.